ಕಪ್ಪೆ ಪುಸ್ತಕಕ್ಕೆ ಮೇಷ್ಟ್ರ ಸಹಿ

ಮೀಸೆ ಬಂದು ವರ್ಷಗಳಾದ, ಸ್ವಂತ ದುಡಿದು ಉಣ್ಣುವ ಗಂಡಸೊಬ್ಬ ಮಕ್ಕಳ ಕಥೆ ಪುಸ್ತಕ ಕೂಡಿಹಾಕುತ್ತಾನೆ ಅಂದರೆ ಜನ ಏನೇನು ಅನ್ನಬಹುದೋ, ಅದನ್ನೆಲ್ಲ ಬೆಳ್ಳಪ್ಪ ಅವರಿಗಿಂತ ಮೊದಲೇ ತನಗೆ ತಾನೇ ಅಂದುಕೊಂಡು ಮುಗಿಸಿದ್ದ. ಹಾಗಾಗಿ ಯಾರಾದರೂ ಆಡಿಕೊಳ್ಳಲು ಬಂದರೆ ಅವನಿಗೆ ಬೇಜಾರಾಗುತ್ತಿದ್ದುದು ಆಡಿಕೊಂಡದ್ದಕ್ಕಲ್ಲ, ಮಾತು ಹಳಸಿದ್ದಕ್ಕೆ.

ಅವನು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿ ಬರುವ ಬಸ್ಸಿನ ಕಂಡಕ್ಟರು. ಹುಟ್ಟಿದ್ದು ನಿಟ್ಟೂರಿನ ಕಡೆ, ಗೇಣಿ ಮಾಡುವ ಮನೆಯಲ್ಲಿ. ಈಗ ಇರುವುದು ಹೊಸನಗರದಲ್ಲಿ, ಅಕ್ಕ ಗುತ್ಯಮ್ಮನ ಮನೆಯಲ್ಲಿ. ಆ ಮನೆಯ ಒಳಕೋಣೆಯ ಮೂಲೆಗೊಂದು ತಗಡಿನ ಟ್ರಂಕು, ಟ್ರಂಕಿನ ತುಂಬ ನುಸಿಗುಳಿಗೆ, ನುಸಿಗುಳಿಗೆಯ ನಡುವೆ ಪುಸ್ತಕ. ಒಂದೊಂದೂ ಬರೆದವರೇ ಕೈಯಾರೆ ಸಹಿ ಹಾಕಿದ್ದು.

ಕೈಯಾರೆ ಅನ್ನುವುದು ನಿಜ. ಮನಸಾರೆ ಅನ್ನುವ ಧೈರ್ಯ ಬೆಳ್ಳಪ್ಪನಿಗಿರಲಿಲ್ಲ. ಶಿವಮೊಗ್ಗದ ಒಂದು ಸಭೆಯಲ್ಲಿ ನೂಕಿ ನುಗ್ಗಿ ವೇದಿಕೆಯ ಹಿಂದಕ್ಕೆ ಹೋದಾಗ, ಪೆಂಡಾಲಿನವನು ರಸೀದಿಗೆ ಬಂದಿದ್ದಾನೆ ಅಂದುಕೊಂಡು ಒಬ್ಬರು ತಮ್ಮದೇ ಪುಸ್ತಕದ ಮೇಲೆ ಕಣ್ಣೆತ್ತದೆ ಸಹಿ ಗೀಚಿದ್ದರು. ಇನ್ನೊಬ್ಬರು ಅವನ ಬಸ್ಸಿನಲ್ಲೇ ಬಂದವರು. ಬೆಳ್ಳಪ್ಪ ಹಲ್ಲು ಬಿಟ್ಟುಕೊಂಡು ಪುಸ್ತಕದ ಖಾಲಿ ಹಾಳೆ ತೆರೆದು ಚಾಚಿದ್ದನ್ನು ದೂರಿನ ಪುಸ್ತಕ ಅಂತ ತಿಳಿದು, "ಬಸ್ಸು ಬಹಳ ತಡ. ಕಂಡಕ್ಟರ್ ಕಾರಣವಿಲ್ಲದೆ ನಗುತ್ತಾನೆ" ಎಂದು ಬರೆದು ಕೆಳಗೆ ಚಂದವಾಗಿ ಸಹಿ ಮಾಡಿದ್ದರು. ಸಹಿ ಸಹಿಯೇ ತಾನೆ. ಅದೂ ಟ್ರಂಕಿಗೆ ಹೋಯಿತು.

"ನಿನ್ನ ವಾರಿಗೆಯೋರಿಗೆಲ್ಲ ಮಕ್ಳಾದ್ವು, ಆಮೇಲೆ ಪುಸ್ತಕ ತಂದ್ರು. ನಿಂಗೆ ಪುಸ್ತಕನೇ ಮೊದ್ಲಾತು" ಎನ್ನುತ್ತಿದ್ದಳು ಗುತ್ಯಮ್ಮ.

"ಪುಸ್ತಕಕ್ಕೆ ಕುಲಾವಿ ಹೊಲಿಸೋದು ಬೇಡ ಕಣೇ ಅಕ್ಕ. ಖರ್ಚು ಕಡಿಮೆ."

"ಹೌದೌದು. ಕುಲಾವಿ ಬೇಡ, ಗುಳಿಗೆ ಸಾಕು. ಮನೆಯೆಲ್ಲ ಆಸ್ಪತ್ರೆ ವಾಸನೆ."

ಆದರೆ ಟ್ರಂಕಿನಲ್ಲಿ ಇರಲೇಬೇಕಾದ ಪುಸ್ತಕವೇ ಇರಲಿಲ್ಲ. ಅದು ತೀರ್ಥಹಳ್ಳಿಯ ಹೇರಂಬ ಮೇಷ್ಟ್ರು ಎಂದೋ ಬರೆದ 'ಕೊಡೆ ಕದ್ದ ಕಪ್ಪೆ'. ಆ ಮೂರು ತಾಲ್ಲೂಕಿನಲ್ಲಿ ಅಕ್ಷರ ಬಲ್ಲ ಯಾರನ್ನು ತಡವಿದರೂ ಅದರ ಕಥೆ ಹೇಳುತ್ತಿದ್ದರು. ಮಳೆ ಹಿಡಿಯುವ ದಿನ ಕಪ್ಪೆಯೊಂದು ಪಟೇಲರ ಕೊಡೆ ಕದ್ದು ಅದರಡಿ ಕೂರುತ್ತದೆ. ಊರೆಲ್ಲ ನೆನೆದರೂ ಕಪ್ಪೆ ನೆನೆಯುವುದಿಲ್ಲ. ಮೈಯೊಣಗಿ ಸುಕ್ಕಾಗುತ್ತ, ಕೊಡೆ ಮಡಿಸುವುದು ಹೇಗೆಂದು ಕಂಡಕಂಡವರನ್ನು ಕೇಳುತ್ತ ಊರೂರು ತಿರುಗುತ್ತದೆ.

ಬೆಳ್ಳಪ್ಪ ಸಣ್ಣವನಿದ್ದಾಗ ಮೇಷ್ಟ್ರು ಅವನ ಶಾಲೆಗೆ ಬಂದು, ಶಾಲೆಯ ಪ್ರತಿಗೆ ಸಹಿ ಹಾಕಿ ಹೋಗಿದ್ದರಂತೆ. ಹೆಡ್ ಮಾಸ್ತರರು ಆ ಪುಸ್ತಕವನ್ನು ಅಲಮಾರಿನಲ್ಲಿಟ್ಟು ಬೀಗ ಹಾಕಿದರು. ಒಂದು ದಿನ ಮಾತ್ರ ಹೊರಗೆ ತೆಗೆದು ಸಹಿ ತೋರಿಸಿದರು. "ಕೈ ತೊಳಕೊಂಡೋರು ಹತ್ರ ಬನ್ನಿ. ಬೆಳ್ಳ, ನೀನು ಬಾಗಿಲಲ್ಲೇ ನಿಂತು ನೋಡು." ಕೈಗೆ ಗದ್ದೆಯ ಕೆಸರು ನಿಜವಾಗಿಯೂ ಹತ್ತಿತ್ತು, ಹೆಡ್ ಮಾಸ್ತರರದ್ದೇನೂ ತಪ್ಪಿಲ್ಲ ಅಂತ ಬೆಳ್ಳಪ್ಪ ಇಂದಿಗೂ ನ್ಯಾಯ ಹೇಳುತ್ತಾನೆ. ಅವನು ಕೆರೆಗೆ ಓಡಿ, ಉಗುರಿನ ಸಂದಿಯನ್ನೂ ತಿಕ್ಕಿ ತೊಳೆದು ಬರುವುದರೊಳಗೆ ಬೀಗ ಬಿದ್ದಿತ್ತು. ಬಾಗಿಲಿನಿಂದ ಕಂಡದ್ದು ಇಷ್ಟೇ: ಹೆಸರಿನ ಕೊನೆಯಿಂದ ಒಂದು ಗೀಟು ಹೊರಟು, ಕೆಳಗೆ ಹಿಂದಕ್ಕೆ ಹರಿದು ಬಂದು, ಹಾಳೆಯ ತುದಿಯಲ್ಲಿ ಸುರುಳಿ ಸುತ್ತಿಕೊಂಡಿತ್ತು. ಕಥೆಯನ್ನಾದರೂ ಹೆಡ್ ಮಾಸ್ತರರು ಪೂರ್ತಿ ಓದಿ ಹೇಳಿದರೋ ಅಂದರೆ, ಕಪ್ಪೆ ಆಗುಂಬೆ ಮುಟ್ಟುವಷ್ಟರಲ್ಲಿ ಪರೀಕ್ಷೆ ಬಂತು. ಬೆಳ್ಳಪ್ಪನ ಪಾಲಿಗೆ ಆ ಕಪ್ಪೆ ಎಷ್ಟೋ ವರ್ಷ ಆಗುಂಬೆಯ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಒಣಗುತ್ತಲೇ ಕೂತಿತ್ತು.

ಆ ಸುರುಳಿ ತನ್ನ ಸ್ವಂತ ಪುಸ್ತಕದ ಮೇಲೆ ಬೀಳಬೇಕು. ಬೆಳ್ಳಪ್ಪನಿಗೆ ಬೇಕಾದದ್ದು ಇದೊಂದೇ. ಉಳಿದ ಸಹಿಗಳೆಲ್ಲ, ನಿಜ ಹೇಳಬೇಕೆಂದರೆ, ಇದು ಸಿಗುವವರೆಗೆ ಕೈ ಪಳಗಿಸಿಕೊಂಡದ್ದು.

ಪುಸ್ತಕ ಸಿಕ್ಕಿದ್ದು ರಿಪ್ಪನ್‌ಪೇಟೆಯ ಒಬ್ಬ ಹಳೇ ಶಾನುಭೋಗರ ಅಟ್ಟದಲ್ಲಿ. ಎರಡು ಮಳೆಗಾಲ ಅವರಿಗೆ ಸಾಗರದಿಂದ ಔಷಧ ತಂದುಕೊಟ್ಟಿದ್ದ. ಆ ಉಪಕಾರಕ್ಕೆ ಅವರು, "ಮಕ್ಕಳಿಲ್ಲದ ಮನೆ ಮಾರಾಯ, ಇದನ್ನಿಟ್ಟುಕೊಂಡು ನಾ ಎಂತ ಮಾಡ್ಲಿ" ಅಂತ ಎತ್ತಿಕೊಟ್ಟರು. ಯಾರೂ ಮುಟ್ಟದ, ಹಾಳೆ ಹಾಳೆಗೆ ಅಂಟಿಕೊಂಡಂತಿದ್ದ ಹೊಚ್ಚ ಹೊಸ ಹಳೇ ಪುಸ್ತಕ. ಬೆಳ್ಳಪ್ಪ ಅವತ್ತು ರಾತ್ರಿಯೇ ಕಪ್ಪೆಯನ್ನು ಆಗುಂಬೆಯಿಂದ ಎಬ್ಬಿಸಿ ಊರು ಮುಟ್ಟಿಸಿದ. ಬೆಳಿಗ್ಗೆ ಕೈ ಒರೆಸಿಕೊಂಡು ಪುಸ್ತಕವನ್ನು ಪಂಚೆಯಲ್ಲಿ ಸುತ್ತಿ, ಟಿಕೆಟ್ ಚೀಲದೊಳಗಿಟ್ಟುಕೊಂಡು ಬಸ್ಸು ಹತ್ತಿದ.

ತೀರ್ಥಹಳ್ಳಿಯಲ್ಲಿ ಬಸ್ಸು ನಿಲ್ಲುವುದು ಡ್ರೈವರ್ ಜಟ್ಟಪ್ಪನ ಊಟ ಮತ್ತು ಎಲೆಯಡಿಕೆ ಮುಗಿಯುವವರೆಗೆ. ಜಟ್ಟಪ್ಪ ಅವನಿಗಿಂತ ತುಂಬ ದೊಡ್ಡವನು. ಊಟ ನಿಧಾನ, ಕೋಪ ಬೇಗ. ಅಷ್ಟು ಹೊತ್ತಿನೊಳಗೆ ಬೆಳ್ಳಪ್ಪ ಹೊಳೆಬದಿಯ ಮೇಷ್ಟ್ರ ಮನೆಗೆ ಓಡಿ, ಸಹಿ ಹಾಕಿಸಿಕೊಂಡು ಓಡಿ ಬರಬೇಕು.

ಹೇರಂಬ ಮೇಷ್ಟ್ರು ಜಗಲಿಯಲ್ಲಿ ಕೂತು ಎಲೆಗೆ ಕಡ್ಡಿ ಚುಚ್ಚಿ ದೊನ್ನೆ ಹಚ್ಚುತ್ತಿದ್ದರು. ಪುಸ್ತಕ ತೆಗೆದುಕೊಂಡು ಮೂಸಿದರು. ಬಿಡಿಸಿದರು. ಬೆನ್ನು ಲಟಕ್ ಅಂತು.

"ಇದನ್ನ ಯಾರೂ ಓದಿಲ್ಲ" ಅಂದರು.

"ನಾ ಓದಿದೀನಿ ಮೇಷ್ಟ್ರೇ. ನಿನ್ನೆ."

"ನೀನೆಂತ ಮಗುವಾ?"

ಜನ ಕೇಳಬಹುದಾದ್ದನ್ನೆಲ್ಲ ಮೊದಲೇ ಕೇಳಿಕೊಂಡಿದ್ದ ಬೆಳ್ಳಪ್ಪ ಇದೊಂದನ್ನು ಬಿಟ್ಟಿದ್ದ.

"ಮಕ್ಕಳಿಗೆ ಅಂತ ಬರೆದದ್ದು ಮಾರಾಯ ಇದು. ಒಂದು ಮಗುವಿನ ಕೈ ತಾಗಿಲ್ಲ. ಊಟಕ್ಕೆ ಕರೆದು ಎಲೆ ಹಾಕಿ ಬಡಿಸದೆ ಎಬ್ಬಿಸಿದಂಗೆ ಆಯ್ತು. ಉಣ್ಣದ ಎಲೆಗೆ ನಾ ಸಹಿ ಹಾಕಲ್ಲ. ಮಕ್ಕಳ ಕೈಲಿ ಓದಿಸ್ಕೊಂಡು ಬಾ, ಆಮೇಲೆ ನೋಡ್ವ."

"ಮೇಷ್ಟ್ರೇ, ಬಸ್ಸು ಕಾಯ್ತಾ ಉಂಟು."

"ಕಾಯ್ಲಿ. ಇದೂ ಎಷ್ಟೋ ವರ್ಷ ಕಾದಿದೆ."

ಬಸ್ಸಿಗೆ ಮರಳಿ ಬಂದ ಬೆಳ್ಳಪ್ಪ ದಾರಿಯುದ್ದಕ್ಕೂ ಟಿಕೆಟ್ಟನ್ನು ಜನರ ಕೈಗೆ ತುರುಕಿದ. ಪುಸ್ತಕ ಕೊಳೆಯಾಗಿದೆ ಅಂತ ಬೈಸಿಕೊಂಡವರನ್ನು ಅವನು ನೋಡಿದ್ದ. ಚೊಕ್ಕಟವಾಗಿದೆ ಅಂತ ಬೈಸಿಕೊಂಡವನು ಲೋಕದಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿತು.

"ಕೊಳೆ ತಾನೇ ಬೇಕಾದ್ದು? ನಮ್ಮ ಬಸ್ಸಲ್ಲಿ ಅದಕ್ಕೆಂತ ಬರಗಾಲ?" ಅಂದ ಜಟ್ಟಪ್ಪ.

ಇದು ಹೊಳೆಯದೇ ಹೋಯಿತಲ್ಲ ಅಂತ ಬೆಳ್ಳಪ್ಪ ತನ್ನ ತಲೆಗೆ ತಾನೇ ಮೊಟಕಿಕೊಂಡ. ಇಬ್ಬರೂ ಕೂತು ಮಗುವಾದರು. ಅಕ್ಷರವಿದ್ದ ಹಾಳೆ ಹಾಳೆಗೂ ಎಣ್ಣೆ ಬೆರಳು ಒತ್ತಿದರು. ಹೋಟೆಲಿನ ಸಾರು ಚಿಮುಕಿಸಿದರು. ಜಟ್ಟಪ್ಪ ತನ್ನ ಪಾಲಿಗೆಂದು ಗೇರ್ ಪೆಟ್ಟಿಗೆಯ ಪಕ್ಕದಿಂದ ಒಂದಿಷ್ಟು ಕರಿ ತಂದು ರಟ್ಟಿಗೆ ಬಳಿದ. ನೋಡಿದರೆ ಅಯ್ಯೋ ಅನ್ನಿಸಬೇಕು, ಹಾಗಾಯಿತು.

ಮುಂದಿನ ವಾರ ಮೇಷ್ಟ್ರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರು.

"ಇದು ಗ್ರೀಸು. ಯಾವ ಮಗು ಗ್ರೀಸು ತಿಂತದೆ?"

ಮೇಷ್ಟ್ರು ಒಂದೊಂದೇ ಹಾಳೆ ತಿರುವಿದರು.

"ಕಪ್ಪೆ ಬಾವಿಗೆ ಬೀಳೋ ಚಿತ್ರ ಇರೋ ಹಾಳೆ ನೋಡು. ಮಕ್ಕಳು ಓದಿದ್ರೆ ಮೊದ್ಲು ಕೊಳೆಯಾಗೋದೇ ಅದು. ಒಬ್ಬೊಬ್ಬರೂ ಬೆರಳಿಟ್ಟು ತೋರಿಸ್ತಾರೆ. ಮುನ್ನುಡಿ ಇರೋ ಹಾಳೆ ಯಾರೂ ಮುಟ್ಟಲ್ಲ. ನೀನು ಮುನ್ನುಡಿಯಿಂದ ಹಿಡಿದು ಎಲ್ಲ ಹಾಳೆಗೂ ಸಮ ಸಾರು ಬಡಿಸಿದೀಯ, ಪಂಕ್ತಿಭೇದ ಮಾಡದೆ."

ಪುಸ್ತಕ ತಿರುಗಿ ಕೈಗೆ ಬಂತು. ಈಗ ಅದು ಚೊಕ್ಕಟವೂ ಅಲ್ಲ, ಓದಿದ್ದೂ ಅಲ್ಲ. ಬೆಳ್ಳಪ್ಪ ಹೊಳೆಯ ಏರಿ ಹತ್ತುತ್ತ, ತಾನು ಈ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದೆನಲ್ಲ, ಅದೂ ಸಾರಿನ ವಿಷಯದಲ್ಲಿ, ಅಂದುಕೊಂಡ.

ಬೇರೆ ದಾರಿ ಉಳಿಯಲಿಲ್ಲ. ಗುತ್ಯಮ್ಮನ ಮಗಳು ಜಲಜ ನಾಲ್ಕನೇ ಕ್ಲಾಸು. ಟ್ರಂಕಿನ ಹತ್ತಿರ ಸುಳಿದರೆ ಗದರಿಸುತ್ತಿದ್ದ ಮಾವ ತಾನಾಗಿ ಕರೆದು ಪುಸ್ತಕ ಕೊಟ್ಟಾಗ ಅವಳು ಮೊದಲು ಅವನ ಮುಖ ನೋಡಿದಳು.

"ಜ್ವರ ಬಂದದಾ ಮಾವ?"

"ಓದಿ ಒಂದು ವಾರಕ್ಕೆ ಕೊಡು. ನಿನ್ನ ಗೆಳತಿ ಒಬ್ಬಳಿಗೆ ಬೇಕಾರೆ ಕೊಡು. ಹರೀಬೇಡ. ಹರಿದ್ರೂ ಸ್ವಲ್ಪ."

ವಾರ ಹೋಯಿತು, ತಿಂಗಳು ಹೋಯಿತು, ಪುಸ್ತಕ ಬರಲಿಲ್ಲ. ಜಲಜ ಗೆಳತಿಗೆ ಕೊಟ್ಟಳು, ಗೆಳತಿ ಅಜ್ಜಿಮನೆಗೆ ಒಯ್ದಳು, ಅಜ್ಜಿಮನೆಯಿಂದ ಅದು ನಿಟ್ಟೂರಿನ ಕಡೆಗೆ ಹೋಯಿತು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದ ಒಂದು ಸಂಸಾರದ ಮಕ್ಕಳ ಕೈಯಲ್ಲಿದೆ ಅಂತ ಒಂದು ಸುದ್ದಿ, ಇಲ್ಲ ಬಟ್ಟೆಮಲ್ಲಪ್ಪದಲ್ಲಿದೆ ಅಂತ ಇನ್ನೊಂದು. ಬೆಳ್ಳಪ್ಪ ಸ್ಟಾಪು ಸ್ಟಾಪಿನಲ್ಲಿ ಇಳಿದು, ಕಳೆದುಹೋದ ಕರುವನ್ನು ಹುಡುಕುವವನ ಹಾಗೆ ಕೇಳುತ್ತಿದ್ದ. "ಕಪ್ಪೆ ಏನಾದ್ರೂ ಈ ಕಡೆ ಬಂತಾ?"

"ಮೊನ್ನೆ ಇಲ್ಲೇ ಇತ್ತು, ಕಂಡಕ್ಟ್ರೇ. ಈಗ ಮೇಲಿನಕೇರಿಗೆ ಹೋಗ್ಯದೆ."

ಒಮ್ಮೆಯಂತೂ ಅವನ ಬಸ್ಸಿನಲ್ಲೇ, ಹಿಂದಿನ ಸೀಟಿನಲ್ಲಿ, ಒಬ್ಬಳು ಹುಡುಗಿ ಅದನ್ನು ಓದುತ್ತ ಕೂತಿದ್ದಳು. ಬೆಳ್ಳಪ್ಪ ಜನರನ್ನು ಸೀಳಿಕೊಂಡು ಅಲ್ಲಿಗೆ ಮುಟ್ಟುವುದರೊಳಗೆ ಅವಳ ಸ್ಟಾಪು ಬಂದು, ತಾನೇ ಊದಿದ ಸೀಟಿಯ ಸದ್ದಿಗೆ ಬಸ್ಸು ನಿಂತು, ಹುಡುಗಿಯೂ ಕಪ್ಪೆಯೂ ಇಳಿದು ಗದ್ದೆಯ ಅಂಚು ಹಿಡಿದವು.

ಕೊನೆಗೆ ಪುಸ್ತಕ ಬಂತು. ಯಾರೋ ಒಬ್ಬ ಅಜ್ಜ ಬಾಳೆಲೆ ಕಟ್ಟಿನ ಮೇಲಿಟ್ಟುಕೊಂಡು ತಂದುಕೊಟ್ಟ. ರಟ್ಟು ಇರಲಿಲ್ಲ. ಒಂದು ಮೂಲೆಯನ್ನು ಕರು ಅಗಿದಿತ್ತು. ಬಿಟ್ಟುಹೋದ ಹಾಳೆಗಳನ್ನು ಯಾರೋ ಗೋಣಿ ದಾರದಿಂದ ಹೊಲಿದಿದ್ದರು. ಕಪ್ಪೆಗೆ ಮೀಸೆ ಬಂದಿತ್ತು, ಪಟೇಲರಿಗೆ ಜಡೆ. ಬಾವಿಯ ಚಿತ್ರವಂತೂ ಬೆರಳಿನ ಗುರುತಿನಲ್ಲಿ ಮುಳುಗಿ, ಬಾವಿ ಯಾವುದು ಕೊಳೆ ಯಾವುದು ಅಂತ ತಿಳಿಯುತ್ತಿರಲಿಲ್ಲ. ಮೊದಲಿನ ಒಂದು ಖಾಲಿ ಹಾಳೆ ಮಾತ್ರ, ಓದಲು ಏನೂ ಇಲ್ಲದ್ದರಿಂದ, ಬೆಳ್ಳಗೆ ಉಳಿದಿತ್ತು.

"ಬದುಕಿದೆಯಾ ಇದು?" ಅಂತ ಕೇಳಿದ ಜಟ್ಟಪ್ಪ.

ಮೇಷ್ಟ್ರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಕಲೆ ಕಲೆಯನ್ನೂ ಓದತೊಡಗಿದರು. ಇದು ಹಲಸಿನ ಹಣ್ಣು. ಇದು ಅಳುಬುರುಕನ ಕೆಲಸ. ಇಲ್ಲಿ ಯಾರೋ ಉಣ್ಣುತ್ತ ನಕ್ಕಿದ್ದಾರೆ. ಅತ್ತ ಜಟ್ಟಪ್ಪನ ಹಾರನ್ನು ಊರು ಕೇಳುವಂತೆ ಕೂಗುತ್ತಿತ್ತು. ಬೆಳ್ಳಪ್ಪ ಒಂದು ಕಾಲನ್ನು ಜಗಲಿಯ ಮೇಲೆ, ಇನ್ನೊಂದನ್ನು ಅಂಗಳದಲ್ಲಿಟ್ಟು ನಿಂತಿದ್ದ.

"ಎಂತಕ್ಕೆ ಕುಣೀತೀಯ? ಇಷ್ಟು ಜನ ಉಂಡ ಎಲೆ ಬೇಗ ಬೇಗ ನೋಡಕ್ಕಾಗ್ತದಾ?" ಅನ್ನುತ್ತ ಮೇಷ್ಟ್ರು ಕೊನೆಗೆ ಮಸಿಕುಡಿಕೆ ತರಿಸಿ, ಟಾಕಿನ ಮುಳ್ಳು ಒರೆಸಿ, ಆ ಖಾಲಿ ಹಾಳೆಯ ಮೇಲೆ 'ಬೆಳ್ಳಪ್ಪನಿಗೆ' ಎಂದು ಬರೆದು ಸಹಿ ಹಾಕಿದರು. ಗೀಟು ಹೊರಟಿತು, ಹಿಂದಕ್ಕೆ ಹರಿಯಿತು, ಹಾಳೆಯ ತುದಿಗೆ ಬಂದು ಸುರುಳಿ ಸುತ್ತಿತು. ಬೆಳ್ಳಪ್ಪ ಇಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಅದೇ ಮೊದಲು. ಮಸಿ ಒಣಗಲಿ ಅಂತ ಊದುತ್ತ ಊದುತ್ತ ಬಸ್‌ಸ್ಟ್ಯಾಂಡಿನವರೆಗೆ ಓಡಿದ. ಬೈಯಲು ಬಾಯಿ ತೆರೆದ ಜಟ್ಟಪ್ಪ ಅವನ ಮುಖ ನೋಡಿ ಎಲೆಯಡಿಕೆ ಹಾಕಿಕೊಂಡ.

ಇಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಇಂಥ ಸಹಿಯಿರುವ ಪುಸ್ತಕ ಗೋಣಿ ದಾರದಲ್ಲಿ ಜೋತಾಡುವುದೇ? ಸಾಗರದಲ್ಲಿ ವಾಸಪ್ಪ ಅಂತ ಬೈಂಡಿನವನೊಬ್ಬನಿದ್ದ. ಅಡಿಕೆ ಮಂಡಿಗಳ ಲೆಕ್ಕದ ಪುಸ್ತಕ, ಶಾಲೆ ಪುಸ್ತಕ ಎಲ್ಲ ಅವನ ಕೈಯಲ್ಲೇ. ವಾಸಪ್ಪನ ಬೈಂಡು ಮನೆಗಿಂತ ಗಟ್ಟಿ ಅನ್ನುತ್ತಿದ್ದರು. ಬಸ್ಸು ಹೊರಡುವ ಹೊತ್ತಿಗೆ ಬೆಳ್ಳಪ್ಪ ಅಂಗಡಿಯ ಕಟ್ಟೆಗೆ ಬಂದು, ಪುಸ್ತಕ ಮುಂದಿಟ್ಟು, "ಗಟ್ಟಿ ಬೈಂಡು ಹಾಕ್ರಿ ವಾಸಪ್ಪಣ್ಣ, ನನ್ನ ಜೀವ ಇದು" ಅಂದು, ಸೀಟಿ ಬಾಯಿಗಿಟ್ಟುಕೊಂಡು ಓಡಿದ.

ವಾಸಪ್ಪ ಜೀವ ಇಟ್ಟೇ ಕೆಲಸ ಮಾಡಿದ್ದ. ಬೆನ್ನಿಗೆ ಕೆಂಪು ಬಟ್ಟೆ, ಮೂಲೆಗೆ ಬಟ್ಟೆ, ಹೊಸ ರಟ್ಟು. ಬೆಳ್ಳಪ್ಪ ಪುಸ್ತಕ ಇಸಿದುಕೊಂಡು ಬಂದು, ಬಸ್ಸಿನಲ್ಲಿ ಕೂತು ರಟ್ಟು ತೆರೆದ. ಒಳಗೆ ನುಣ್ಣಗೆ ಬಿಳಿ. ಮುಂದಿನ ಹಾಳೆ ಮುನ್ನುಡಿ. ಹಿಂದಿನಿಂದ ತೆರೆದ. ತಲೆಕೆಳಗು ಮಾಡಿ ಕೊಡವಿದ. ಸಹಿ ಇರಲಿಲ್ಲ. ಒಂದು ಟಿಕೆಟ್ಟೂ ಹರಿಯದೆ ಬಸ್ಸಿನಿಂದ ಇಳಿದು ಅಂಗಡಿಗೆ ನಡೆದ.

"ಸಹಿ ಎಲ್ಲಿ?"

"ಯಾವ ಸಹಿ?"

"ಮೊದಲನೇ ಹಾಳೇಲಿ ಇತ್ತಲ್ಲ, ನೀಲಿ ಮಸಿದು."

"ಓ, ಅದಾ" ಅಂದ ವಾಸಪ್ಪ, ಮೆಚ್ಚುಗೆಯ ಮಾತು ಈಗ ಬರುತ್ತದೆ ಅನ್ನುವವನಂತೆ. "ಮುಚ್ಚಿದೀನಿ. ಯಾರಿಗೂ ಗೊತ್ತಾಗಲ್ಲ."

ಬೆಳ್ಳಪ್ಪ ಕಟ್ಟೆಯ ಮೇಲೆ ಕೂತ. ವಾಸಪ್ಪ ಬಿಡಿಸಿ ಹೇಳಿದ. ಪ್ರತಿ ಜೂನ್ ತಿಂಗಳು ಸಾಗರದ ಅರ್ಧ ಜನ ಹೋದ ವರ್ಷದ ಶಾಲೆ ಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು ಅವನ ಹತ್ತಿರ ಬೈಂಡಿಗೆ ತರುತ್ತಿದ್ದರು. ಮೊದಲ ಹಾಳೆಯಲ್ಲಿ ಹಿಂದಿನವರ ಹೆಸರು ಗೀಚಿರುತ್ತಿತ್ತು. ಅದು ಕಂಡರೆ ಮಕ್ಕಳು ಸೆಕೆಂಡ್ ಹ್ಯಾಂಡ್ ಅಂತ ಅಳುತ್ತಿದ್ದವು. ಅದಕ್ಕೆ ಕೇಳದೆ ಇದ್ದರೂ ಹೆಸರಿದ್ದ ಹಾಳೆಯನ್ನು ರಟ್ಟಿಗೆ ಅಂಟಿಸಿ ಮುಚ್ಚಿಬಿಡುವುದು ವಾಸಪ್ಪನ ಪದ್ಧತಿ. ಮೇಲಿಂದ ದುಡ್ಡೂ ಇಲ್ಲ, ಅದು ಅವನ ಧರ್ಮ.

"ನನ್ನ ಹೆಸರೇ ಅದು, ವಾಸಪ್ಪಣ್ಣ. 'ಬೆಳ್ಳಪ್ಪನಿಗೆ' ಅಂತ ಇತ್ತು."

"ನಿನ್ನ ಹೆಸರು ಬೆಳ್ಳಪ್ಪನಾ? ಎಲ್ರೂ ಕಂಡಕ್ಟ್ರು ಅಂತಾರಲ್ಲ. ನಾ ಯಾರೋ ಹಳೇ ಬೆಳ್ಳಪ್ಪ ಅಂದ್ಕೊಂಡೆ."

"ಬಿಚ್ಚಿ ಈಗ."

ವಾಸಪ್ಪನ ಮುಖ ಗಂಟಾಯಿತು. "ಮೈದಾ ಅಂಟಿಗೆ ಮೈಲುತುತ್ತ ಹಾಕಿ ಕುದಿಸಿದ್ದು ಮಾರಾಯ. ಗೆದ್ದಲು ಮುಟ್ಟಲ್ಲ. ಕಿತ್ರೆ ಹಾಳೆ ಸಿಪ್ಪೆ ಸಿಪ್ಪೆ ಬರ್ತದೆ. ನನ್ನ ಬೈಂಡು ಬಿಚ್ಚಿದೋನು ಇನ್ನೂ ಹುಟ್ಟಿಲ್ಲ."

ತಪ್ಪು ಮಾಡಿದವನ ಮೇಲೆ ಕೂಗಾಡಬಹುದು. ಉಪಕಾರ ಮಾಡಿದವನ ಮೇಲೆ ಹೇಗೆ ಕೂಗಾಡುವುದು? ಬೆಳ್ಳಪ್ಪ ಮಜೂರಿ ಕೊಟ್ಟು, ಬಾಯಿಗೆ ಬಂದ ಥ್ಯಾಂಕ್ಸನ್ನು ನುಂಗಿ, ಬಸ್ಸು ಹತ್ತಿದ. ಒಂದು ಮಾತು ಹೇಳಿ ಓಡಿದ್ದರೆ ಸಾಕಿತ್ತು. 'ನನ್ನ ಜೀವ' ಅನ್ನಲು ಪುರುಸೊತ್ತಿತ್ತು, 'ಮೊದಲ ಹಾಳೆ' ಅನ್ನಲು ಇರಲಿಲ್ಲ.

ತೀರ್ಥಹಳ್ಳಿಯಲ್ಲಿ ಮೇಷ್ಟ್ರು ಪುಸ್ತಕವನ್ನು ತಟ್ಟಿ ನೋಡಿ, "ಒಳ್ಳೇ ಬೈಂಡು" ಅಂದರು.

"ಇನ್ನೊಂದು ಸಲ ಹಾಕಿಕೊಡಿ ಮೇಷ್ಟ್ರೇ. ಈ ಬದಿಗೆ. ಒಂದು ಸಣ್ಣ ಸಹಿ."

"ಹಾಕಿದ್ದಾಗಿದೆಯಲ್ಲ."

"ಕಾಣಲ್ಲ ಮೇಷ್ಟ್ರೇ."

"ಕಾಣ್ದೇ ಇದ್ರೆ ಇಲ್ಲ ಅಂತಾ? ಒಂದು ಪುಸ್ತಕಕ್ಕೆ ಒಂದೇ ಸಹಿ. ಒಬ್ಬಳಿಗೇ ಎರಡು ಸಲ ತಾಳಿ ಕಟ್ತಾರೇನೋ? ಸೆರಗಿನ ಒಳಗೆ ಹೋಯ್ತು ಅಂತ ಇನ್ನೊಂದು ಕಟ್ಟೋದಿಲ್ಲ." ಮೇಷ್ಟ್ರಿಗೆ ತಮ್ಮ ಮಾತು ತಮಗೇ ಹಿಡಿಸಿ ನಗತೊಡಗಿದರು. ಬೆಳ್ಳಪ್ಪನಿಗೆ ನಗು ಬರಲಿಲ್ಲ. ಹೊಳೆಯ ನೀರನ್ನು ನೋಡುತ್ತ ನಿಂತ. ಮೇಷ್ಟ್ರನ್ನು ಎತ್ತಿ ಅದರಲ್ಲಿ ಅದ್ದಿದರೆ ಎಷ್ಟು ಹೊತ್ತು ಹಿಡಿದೀತು ಅಂತ ಒಂದು ಕ್ಷಣ ಲೆಕ್ಕ ಹಾಕಿ, ಪಾಪ ಅನ್ನಿಸಿ, ಬಸ್ಸಿಗೆ ಬಂದ.

ಅವತ್ತು ವಾಪಸು ಬರುವಾಗ ಕೋಣಂದೂರಿನ ಹತ್ತಿರದ ಏರಿನಲ್ಲಿ ಬಸ್ಸಿನ ರೇಡಿಯೇಟರು ಕುದಿಯಿತು. ಅದೇನೂ ಹೊಸತಲ್ಲ. ಜಟ್ಟಪ್ಪ ಇಳಿದು ಬಾನೆಟ್ ಎತ್ತಿ, ಗೋಣಿಚೀಲ ಸುತ್ತಿ ಮುಚ್ಚಳ ತಿರುಗಿಸಿದ. ಬುಸ್ಸೆಂದು ಹಬೆ ಎದ್ದಿತು. ಹಬೆಯನ್ನು ನೋಡಿದ ಜಟ್ಟಪ್ಪ, ಆಮೇಲೆ ಬೆಳ್ಳಪ್ಪನ ಜೋಲು ಮುಖ ನೋಡಿದ.

"ತಾ ಇಲ್ಲಿ."

"ಎಂತ?"

"ನಿನ್ನ ಕಪ್ಪೆ. ಅಂಚೆ ಕವರ್ ಬಿಚ್ಚೋದು ಹಿಂಗೇ ಅಲ್ದಾ? ನಮ್ಮಾವ ಸೊಸೇರ ಕಾಗದ ಎಲ್ಲ ಇಡ್ಲಿ ಪಾತ್ರೆ ಮೇಲೆ ಬಿಚ್ತಿದ್ದ."

ಬೆಳ್ಳಪ್ಪ ರಟ್ಟನ್ನು ಮಡಚಿ ಹಿಡಿದು, ಅಂಟಿದ ಹಾಳೆಯ ತುದಿಯನ್ನು ಹಬೆಗೆ ಒಡ್ಡಿದ. ಬಸ್ಸಿನ ಜನ ಒಬ್ಬೊಬ್ಬರೇ ಇಳಿದು ಸುತ್ತ ನೆರೆದರು. ಒಬ್ಬ ಹತ್ತಿರ ಹಿಡಿ ಅಂದ, ಒಬ್ಬ ದೂರ ಹಿಡಿ ಅಂದ. ಬಾಳೆಗೊನೆಯ ಜತೆ ಬಂದಿದ್ದ ಒಬ್ಬ ಮುದುಕಿ ಯಾರನ್ನೂ ನೋಡದೆ ಕೇಳಿದಳು, "ಯಾರ ಜಾತಕ ಅದು?"

"ಕಪ್ಪೇದು ಅಜ್ಜಿ."

"ಗಂಡೋ ಹೆಣ್ಣೋ?"

ಹಾಳೆಯ ಕೆಳಮೂಲೆ ಸಡಿಲಿತು. ಬೆಳ್ಳಪ್ಪ ಉಗುರು ತೂರಿಸಿದ. ಒಂದು ಅಂಗುಲ ಮೆಲ್ಲಗೆ ಎದ್ದಿತು. ನೀಲಿ ಕಂಡಿತು. ಗೀಟಿನ ತುದಿಯ ಸುರುಳಿ, ಬಾಗಿಲಲ್ಲಿ ನಿಂತು ಕಂಡದ್ದೇ. ಇನ್ನೊಂದು ಚೂರು ಎತ್ತಿದ. ಅಲ್ಲಿ ಗೀಟು ಗೀಟಾಗಿರಲಿಲ್ಲ. ಹಬೆ ತಾಗಿದ ಮಸಿ ಕದಡಿ, ಕಣ್ಣೆದುರೇ ಅಗಲವಾಗುತ್ತಿತ್ತು. ಇನ್ನು ಎತ್ತಿದರೆ ಮೇಲಿನ ಹೆಸರು ಸಿಕ್ಕೀತು. ಇಲ್ಲವೇ ಹಾಳೆ ಬಂದು ಹೆಸರು ಹೋದೀತು.

"ಎಳಿ" ಅಂದ ಪಕ್ಕದಲ್ಲಿ ನಿಂತ ಒಬ್ಬ.

"ಎಳೀಬೇಡ" ಅಂದ ಜಟ್ಟಪ್ಪ. "ಇಷ್ಟು ದೂರ ಬಂದದ್ದು ಕೆಸರಲ್ಲಿ ಇಳಿಸ್ಬೇಡ."

"ಒಂದೋ ಬಿಚ್ಚು, ಇಲ್ಲ ಮುಚ್ಚು ಮಾರಾಯ. ನಮಗೂ ಮನೆ ಮಠ ಅದೆ" ಅಂದಳು ಮುದುಕಿ.

ಬೆಳ್ಳಪ್ಪ ಆ ಸುರುಳಿಯನ್ನೇ ನೋಡುತ್ತ ನಿಂತ. ಮನಸ್ಸು ಎಳಿ ಅನ್ನುತ್ತಿತ್ತು. ಕೈ ಎಳೆಯಲಿಲ್ಲ. ಕೊನೆಗೆ ಎದ್ದಿದ್ದ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಪುಸ್ತಕ ಮುಚ್ಚಿ, ಬಸ್ಸು ಹತ್ತಿ, ಆ ಪುಸ್ತಕದ ಮೇಲೆಯೇ ಕೂತ. ಹೊಸನಗರ ಮುಟ್ಟುವವರೆಗೂ ಏಳಲಿಲ್ಲ. ಟಿಕೆಟ್ ಬೇಕಾದವರು ತಾವೇ ಅವನಿದ್ದಲ್ಲಿಗೆ ಬಂದು ತೆಗೆದುಕೊಂಡರು. ಇಳಿಯುವ ಹೊತ್ತಿಗೆ ಅಂಟು ಮತ್ತೆ ಹಿಡಿದಿತ್ತು. ಮೂಲೆಯಲ್ಲಿ ಸುರುಳಿಯ ಒಂದು ಎಳೆ ಮಾತ್ರ, ಬಾಗಿಲ ಸಂದಿಯಿಂದ ಇಣುಕಿದ ಹಾಗೆ, ಹೊರಗೆ ಉಳಿಯಿತು.

ಮನೆಯಲ್ಲಿ ಜಲಜ ಪುಸ್ತಕವನ್ನು ಅವನ ಕಂಕುಳಿನಿಂದ ಎಳೆದುಕೊಂಡಳು. "ರಟ್ಟು ಬಂತಾ? ಕೊಡು. ನಮ್ಮ ಕ್ಲಾಸಲ್ಲಿ ಇನ್ನೂ ಅರ್ಧ ಜನ ಓದಿಲ್ಲ."

"ಅದರಲ್ಲಿ ಸಹಿ ಇದೆ ಕಣೇ."

ಅವಳು ತೆರೆದು ನೋಡಿದಳು. "ಎಲ್ಲಿ?"

ಬೆಳ್ಳಪ್ಪನಿಗೆ ಟ್ರಂಕಿನ ನೆನಪಾಯಿತು. ನುಸಿಗುಳಿಗೆಯ ನಡುವೆ ಇಟ್ಟು ಕಾಯುವುದಾದರೂ ಏನನ್ನು? ಕಾಯಬೇಕಾದ್ದಕ್ಕೆ ವಾಸಪ್ಪನೇ ಬೀಗ ಹಾಕಿದ್ದಾನೆ. "ತಗೊಂಡು ಹೋಗು ಅತ್ಲಾಗೆ" ಅಂತ ಗದರಿದ. ಆಸ್ಪತ್ರೆ ವಾಸನೆ ಕಡಿಮೆ ಆಗ್ತದೆ ಅಂತ ಗುತ್ಯಮ್ಮ ಒಳಗಿನಿಂದ ಹೇಳಿದಳು.

ಕಪ್ಪೆ ಮತ್ತೆ ತಿರುಗಾಟಕ್ಕೆ ಬಿತ್ತು. ಮಳೆ ಹಿಡಿದ ಮೇಲೆ ಒಂದು ದಿನ ಅದು ಅವನ ಬಸ್ಸಿಗೇ ಬಂತು. ಇಬ್ಬರು ಹುಡುಗಿಯರು ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದರು. ಗದ್ದೆಯಿಂದ ನೇರ ಬಂದವರಿರಬೇಕು. ಬೆರಳು, ಉಗುರು, ಲಂಗದ ಅಂಚು ಎಲ್ಲ ಕೆಸರು.

"ಈ ರಟ್ಟಿನೊಳಗೆ ಮೇಷ್ಟ್ರ ಸಹಿ ಅದೆಯಂತೆ" ಅಂದಳು ದೊಡ್ಡವಳು.

"ಸುಳ್ಳು."

"ಕಂಡಕ್ಟ್ರ ಹತ್ರ ಕೇಳು. ಅವ್ರು ನೋಡಿದಾರಂತೆ."

ಸಣ್ಣವಳು ಕೇಳಲಿಲ್ಲ. ಮೂಲೆಯಲ್ಲಿ ಇಣುಕುತ್ತಿದ್ದ ನೀಲಿ ಎಳೆಯನ್ನು ಕಂಡು, ಅಲ್ಲಿಗೆ ಕೆಸರಿನ ಉಗುರು ಇಟ್ಟು ಕೆರೆಯತೊಡಗಿದಳು. ಬೆಳ್ಳಪ್ಪ ಎರಡೇ ಹೆಜ್ಜೆಯಲ್ಲಿ ಅಲ್ಲಿಗೆ ಮುಟ್ಟಿದ. ಕೈ ತೊಳಕೊಂಡು ಮುಟ್ಟು ಅನ್ನುವ ಮಾತು ಗಂಟಲು ದಾಟಿ ನಾಲಿಗೆಯ ತುದಿಗೆ ಬಂದಿತ್ತು. ಅದು ಹೆಡ್ ಮಾಸ್ತರರ ದನಿಯಲ್ಲೇ ಬಂದಿತ್ತು. ಹುಡುಗಿ ತಲೆಯೆತ್ತಿ ಅವನನ್ನು ನೋಡಿ ಬೆರಳು ಹಿಂದಕ್ಕೆಳೆದುಕೊಂಡಳು.

ಸೀಟಿ ಕೈಯಲ್ಲಿತ್ತು. ಆ ಮಾತು ಹೊರಬೀಳುವ ಮೊದಲೇ ಬಾಯಿಗಿಟ್ಟು ಊದಿದ.

ಬಸ್ಸು ಗಕ್ಕನೆ ನಿಂತಿತು. ಜನ ಮುಗ್ಗರಿಸಿದರು. ಜಟ್ಟಪ್ಪ ಸೀಟಿನಿಂದಲೇ ಹಿಂದಕ್ಕೆ ತಿರುಗಿದ.

"ಎಂತಕ್ಕೆ ಊದಿದ್ದು? ಇಲ್ಲಿ ಯಾವ ಸ್ಟಾಪು? ಸುತ್ತ ಬರೀ ಕಾಡು."

"ಏನಿಲ್ಲ. ಹೋಗಿ" ಅಂದ ಬೆಳ್ಳಪ್ಪ. ಹುಡುಗಿ ಇನ್ನೂ ಅವನನ್ನೇ ನೋಡುತ್ತಿದ್ದಳು. "ಅದೆ ಮಗಾ ಒಳಗೆ. ಮೆಲ್ಲಗೆ ಕೆರಿ. ಜಟ್ಟಪ್ಪಣ್ಣ, ರೈಟ್."